ಬಾಗೂರಿನ ಪುಟಕ್ಕೆ ಬಂದವರು

ನಾನು ಡಿಗ್ರಿ ಮುಗಿಸುವುದಿಲ್ಲ ಎಂದು ಹೇಳಿದವನು ನನ್ನ ಸೋದರಮಾವ, ಬಾಗೂರಿನ ಗಿರಣಿ ರುದ್ರಪ್ಪ. ಗುಟ್ಟಾಗಿ ಹೇಳಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ರಾಗಿ ಡಬ್ಬ ಸಾಲಿಗಿಟ್ಟು ಕೂತಿದ್ದ ಏಳೆಂಟು ಜನರ ಮುಂದೆ, ಬೆಲ್ಟಿನ ಸದ್ದನ್ನು ಮೀರಿಸಿ ಹೇಳಿದ.

"ಲೇ ಗಂಗಿ, ನಿನ್ನ ಮಗಳು ಡಿಗ್ರಿ ಮಾಡ್ತಾಳಂತೇನು? ಅವಳು ಮಾಡಿದ್ರೆ ನಮ್ಮ ಹಟ್ಟಿ ಎಮ್ಮೆನೂ ಮಾಡುತ್ತೆ ಬಿಡು. ಸುಮ್ನೆ ಸೌಟು ಹಿಡಿಯಾದು ಕಲಿಸು."

ಗಂಗಿ ಅಂದರೆ ನನ್ನ ಅಮ್ಮ ಗಂಗಮ್ಮ. ಊರಿನ ಹೈಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವವಳು. ನಾನು ಎರಡು ವರ್ಷದವಳಿದ್ದಾಗ ಅಪ್ಪ ತೀರಿಕೊಂಡ. ಅಮ್ಮ ತವರಿಗೆ ಬಂದು ಗಿರಣಿಯ ಹಿಂದಿನ ಕೋಣೆ ಸೇರಿದಳು. ಅಣ್ಣನ ಕೋಣೆಯಲ್ಲಿ ಇರುವವಳು ಅಣ್ಣನ ಮಾತಿಗೆ ನಗಬೇಕು. ಅವತ್ತೂ ಕೂತವರೆಲ್ಲರ ಜೊತೆ ನಕ್ಕಳು. ಮಾವನ ಮಾತಿಗಿಂತ ಆ ನಗು ನನ್ನನ್ನು ಹೆಚ್ಚು ಚುಚ್ಚಿತು. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಹತ್ತನೇ ಕ್ಲಾಸು ದಾಟಿದವರು ಒಬ್ಬರೂ ಇರಲಿಲ್ಲ. ನಾನು ದಾಟಿದೆ. ಹೊಸದುರ್ಗದ ಕಾಲೇಜಿನಲ್ಲಿ ಬಿಸಿಎ ಸೇರಿದೆ. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಸಂಜೆ ನಿಂತುಕೊಂಡು ಬಂದು ಓದಿದೆ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಮುಂದಿನದನ್ನು ಬರೆಯಲು ಇದೆ.

ಮೊನ್ನೆ ಕೆಲಸದ ಮೇಲೆ ಚಿತ್ರದುರ್ಗಕ್ಕೆ ಹೋಗಿದ್ದೆ. ನಾನೀಗ ಹಿರಿಯೂರಿನ ಒಂದು ಟ್ರ್ಯಾಕ್ಟರ್ ಶೋರೂಮಿನ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಬಸ್ ಇಳಿದು ಅಡ್ಡದಾರಿ ಹಿಡಿದಾಗ ಮಂಡಕ್ಕಿ ಭಟ್ಟಿಯ ವಾಸನೆ ಬಂತು. ಹೊಟ್ಟು ಉರಿಯುವ ಹೊಗೆ, ಅದರೊಳಗೆ ಕಾದ ಮರಳಿನಲ್ಲಿ ಅಕ್ಕಿ ಅರಳುವ ಸಿಹಿ. ಕಾಲು ನಿಂತುಬಿಟ್ಟಿತು. ಆ ಭಟ್ಟಿಯ ಎದುರಿನ ಮಹಡಿಯಲ್ಲಿ ಒಂದು ವರ್ಷ ಜನವರಿಯಿಂದ ಮೇವರೆಗೆ ನಾನು ಕುಳಿತಿದ್ದೆ. ಈಗ ಅದು ಯಾರದೋ ಚಪ್ಪಲಿ ಅಂಗಡಿಯ ಗೋದಾಮು.

ಆಗ ಅಲ್ಲಿ ಇದ್ದದ್ದು ಒಂದು ಟ್ಯುಟೋರಿಯಲ್. ಎಸ್ಸೆಸ್ಸೆಲ್ಸಿ ಫೇಲಾದವರನ್ನು ಸೇರಿಸಿಕೊಂಡು ಮತ್ತೆ ಪರೀಕ್ಷೆಗೆ ಕೂರಿಸುವ ಜಾಗ. ಬಿಸಿಎ ಕೊನೆಯ ಸೆಮಿಸ್ಟರಿನಲ್ಲಿ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಿ ಸರ್ಟಿಫಿಕೇಟ್ ತಂದುಕೊಡಬೇಕಿತ್ತು. ತರದವರಿಗೆ ಡಿಗ್ರಿ ಇಲ್ಲ. ನನ್ನ ಜೊತೆಯವರಿಗೆ ಚಿಕ್ಕಪ್ಪನೋ ಭಾವನೋ ಯಾವುದೋ ಆಫೀಸಿನಲ್ಲಿ ಸಹಿ ಹಾಕಿಸಿಕೊಟ್ಟರು. ನನಗೆ ಅಂಥವರು ಯಾರೂ ಇರಲಿಲ್ಲ. ಹನ್ನೊಂದು ಆಫೀಸು ಹತ್ತಿ ಇಳಿದ ಮೇಲೆ ಟ್ಯುಟೋರಿಯಲ್ಲಿನ ಮಾಲೀಕರು, ಸದಾಶಿವ ಸರ್, ಒಪ್ಪಿಕೊಂಡರು.

"ಕುಂತ್ಕಳಮ್ಮ. ನಮ್ದೊಂದು ವೆಬ್‌ಸೈಟ್ ಐತೆ. ಅದಕ್ಕೆ ದಿನಕ್ಕೆ ಐದು ಸಾವಿರ ಜನ ಬರಬೇಕು. ಪಬ್ಲಿಕ್ ಪರೀಕ್ಷೆ ಶುರುವಾಗೋದ್ರೊಳಗೆ. ಬಂದ್ರೆ ಸರ್ಟಿಫಿಕೇಟು. ಬರಲಿಲ್ಲ ಅಂದ್ರೆ ನೀನು ಹತ್ತಿಬಂದ ಮೆಟ್ಲು ಅಲ್ಲೇ ಐತೆ."

"ಈಗ ಎಷ್ಟು ಜನ ಬರ್ತಾರೆ ಸರ್?"

"ಅದು ಗೊತ್ತಿದ್ರೆ ನಿನ್ನ ಯಾಕೆ ಕರೀತಿದ್ದೆ?"

ಚಿತ್ರದುರ್ಗದಲ್ಲೇ ಒಂದು ಹಾಸ್ಟೆಲ್ ಸೇರಿಕೊಂಡೆ. ಮೊದಲ ವಾರ ನಾನು ಮಾಡಿದ್ದು ಎಣಿಸುವ ಕೆಲಸ. ಅನಲಿಟಿಕ್ಸ್ ಎಂದರೆ ಇಷ್ಟೇ: ಬಾಗಿಲ ಹಿಂದೆ ಕುಳಿತು, ಯಾರು ಯಾವ ಕಡೆಯಿಂದ ಬಂದರು, ಏನನ್ನು ಹುಡುಕಿ ಬಂದರು, ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು, ಎಲ್ಲಿ ಬೇಸತ್ತು ಎದ್ದುಹೋದರು ಎಂದು ಗುರುತು ಹಾಕಿಕೊಳ್ಳುವುದು. ಬಂದವರಿಗೆ ಬಾಗಿಲ ಹಿಂದೆ ಒಬ್ಬರು ಕೂತಿದ್ದಾರೆಂದು ತಿಳಿಯುವುದಿಲ್ಲ. ಎಣಿಸುವ ಕೋಡನ್ನು ಎಲ್ಲ ಪುಟಗಳಿಗೂ ಹಾಕಿದೆ. ಮೊದಲ ದಿನ ನಲವತ್ತೊಂದು ಭೇಟಿ. ಅದರಲ್ಲಿ ಹತ್ತೊಂಬತ್ತು ಸದಾಶಿವ ಸರ್ ಒಬ್ಬರದೇ.

ಸೈಟ್ ತೆರೆದ ಕೂಡಲೇ ಸರ್ ಅವರ ದೊಡ್ಡ ಫೋಟೋ ಒಂದು, ಸನ್ಮಾನ ಮಾಡಿಸಿಕೊಳ್ಳುತ್ತಿರುವ ಫೋಟೋ ನಾಲ್ಕು, ಒಂದಾದ ಮೇಲೊಂದು ಸರಿಯುತ್ತಿದ್ದವು. ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳ ಫೋನಿನಲ್ಲಿ ಅವು ಮೂಡುವಷ್ಟರಲ್ಲಿ ಹತ್ತರಲ್ಲಿ ಎಂಟು ಜನ ವಾಪಸ್ ಹೋಗುತ್ತಿದ್ದರು. ಇದನ್ನು ಹೇಳಲು ನನಗೆ ಎರಡು ದಿನ ಧೈರ್ಯ ಸಾಲಲಿಲ್ಲ.

"ನನ್ನ ಮುಖ ನೋಡಿ ಓಡಿ ಹೋಗ್ತಾರೆ ಅಂತೀಯಾ?" ಎಂದರು ಸರ್.

"ಮುಖ ಬರೋದ್ರೊಳಗೇ ಹೋಗ್ತಾರೆ ಸರ್."

ಪಕ್ಕದ ಮೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಮಹಬೂಬ್ ಸರ್ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಮೂವರಿಗೂ ಗೊತ್ತಾಯಿತು. ಮಹಬೂಬ್ ಸರ್ ಗಣಿತದ ಮೇಷ್ಟ್ರು. ರಾಮಗಿರಿಯಿಂದ ರೈಲಿನಲ್ಲಿ ಬರುತ್ತಿದ್ದರು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಕೂರಲಾರದೆ ಈ ಕೆಲಸಕ್ಕೆ ಸೇರಿದವರು.

ಫೋಟೋಗಳು ಹೋದವು. ಜನ ಏನನ್ನು ಹುಡುಕುತ್ತ ಬರುತ್ತಾರೆಂದು ನೋಡಿದೆ. ಗಣಿತದ ಮಾದರಿ ಪ್ರಶ್ನೆಪತ್ರಿಕೆ, ವಿಜ್ಞಾನದ ಕೀ ಉತ್ತರ. ಅವನ್ನು ಮೊದಲ ಪುಟಕ್ಕೆ ತಂದೆ. ಬೆಳಿಗ್ಗೆ ಬಸ್ಸು ಕಾಯುವ ಹೊತ್ತಿಗೆ ಹೆಚ್ಚು ಜನ ಬರುತ್ತಿದ್ದರು. ಅದಕ್ಕೆ ಸರಿಯಾಗಿ ಎಂಟಕ್ಕೆ ಮೊದಲೇ ಹೊಸ ಪತ್ರಿಕೆ ಹಾಕತೊಡಗಿದೆ. ಜನವರಿ ಮುಗಿಯುವಷ್ಟರಲ್ಲಿ ದಿನಕ್ಕೆ ಆರುನೂರು ದಾಟಿತು. ಇಷ್ಟರವರೆಗೆ ನಾನು ಮಾಡಿದ ಯಾವ ಕೆಲಸದ ಬಗ್ಗೆಯೂ ನನಗೆ ನಾಚಿಕೆಯಿಲ್ಲ. ಆದರೆ ಆರುನೂರು ಆರುನೂರರಲ್ಲೇ ನಿಂತಿತು. ಫೆಬ್ರವರಿಯ ಬಿಸಿಲು ಏರಿತು. ಭಟ್ಟಿಯ ಮಸಿ ಹಾರಿ ಬರುತ್ತದೆಂದು ಕಿಟಕಿ ಮುಚ್ಚಿ, ತಗಡಿನ ಚಾವಣಿಯ ಕೆಳಗೆ ಬೇಯುತ್ತ, ನಾನು ಆ ಸಂಖ್ಯೆಯನ್ನು ದಿಟ್ಟಿಸುತ್ತ ಕೂರುತ್ತಿದ್ದೆ.

ಟ್ಯುಟೋರಿಯಲ್ ಪ್ರತಿ ವರ್ಷ ಸುತ್ತಲಿನ ನಾಲ್ಕು ತಾಲೂಕಿನ ಶಾಲೆಗಳಿಗೆ ಒಂದು ಅಭ್ಯಾಸ ಪರೀಕ್ಷೆ ನಡೆಸಿಕೊಡುತ್ತಿತ್ತು. ಪ್ರಶ್ನೆಪತ್ರಿಕೆ ನಮ್ಮದು, ತಿದ್ದುವುದು ನಮ್ಮ ಮೇಷ್ಟ್ರುಗಳು. ಶಾಲೆಗಳಿಗೆ ಕೆಲಸ ಕಡಿಮೆ ಎಂದು ಖುಷಿ. ಫೇಲಾಗುವವರು ಯಾರೆಂದು ಮೊದಲೇ ತಿಳಿಯುತ್ತದೆಂದು ಸದಾಶಿವ ಸರ್‌ಗೆ ಖುಷಿ. ಆ ವರ್ಷ ಅಂಕಗಳನ್ನು ಸೈಟಿನಲ್ಲಿ ಹಾಕಿದೆವು. ಮಕ್ಕಳು ತಮ್ಮ ನಂಬರ್ ಹೊಡೆದರೆ ತಮ್ಮ ಅಂಕ ಕಾಣುವಂತೆ.

ಎರಡನೇ ದಿನ ನನ್ನ ಕಣ್ಣಿಗೆ ಬಿದ್ದದ್ದನ್ನು ಮಹಬೂಬ್ ಸರ್‌ಗೆ ತೋರಿಸಿದೆ.

"ಸರ್, ಈ ಒಂದು ನಂಬರನ್ನ ಮೂವತ್ತೇಳು ಫೋನಲ್ಲಿ ತೆಗೆದು ನೋಡಿದಾರೆ. ಒಬ್ಬ ಹುಡುಗನ ಮನೇಲಿ ಮೂವತ್ತೇಳು ಫೋನ್ ಇರುತ್ತಾ?"

"ಯಾವೂರು?"

"ಐಮಂಗಲ. ಮೂರು ಸಬ್ಜೆಕ್ಟ್ ಹೋಗೈತೆ."

"ಅವರಪ್ಪ ಏನು ಮಾಡ್ತಾನಂತೆ?"

ಶಾಲೆಯಿಂದ ಬಂದ ಪಟ್ಟಿ ನೋಡಿ ಹೇಳಿದೆ. ಶಾಲಾ ಸಮಿತಿಯ ಅಧ್ಯಕ್ಷ.

"ಮತ್ತಿನ್ನೇನು ಕೇಳ್ತೀಯಮ್ಮ. ಊರು ಹಬ್ಬ ಮಾಡ್ತಾ ಐತೆ" ಎಂದು ಅವರು ಕನ್ನಡಕ ಏರಿಸಿಕೊಂಡು ಪತ್ರಿಕೆಗೆ ತಿರುಗಿದರು.

ನಾನು ತಿರುಗಲಿಲ್ಲ. ಎಲ್ಲ ನಂಬರುಗಳನ್ನೂ ತೆಗೆದು ನೋಡಿದೆ. ಒಳ್ಳೆಯ ಅಂಕ ಬಂದವರನ್ನು ನೋಡಿದ್ದು ಎರಡು ಫೋನು, ಮೂರು ಫೋನು. ಫೇಲಾದವರನ್ನು ಹನ್ನೆರಡು, ಇಪ್ಪತ್ತು. ಇನ್ನೊಂದು ವಿಷಯ ಗೊತ್ತಾಯಿತು. ಸೈಟಿನಲ್ಲಿ ಅತಿ ಹೆಚ್ಚು ಬಾರಿ ತೆರೆದಿದ್ದ ಪುಟ 'ಈ ಸಂಖ್ಯೆ ಇಲ್ಲ' ಎನ್ನುವ ಪುಟ. ಜನ ತಮ್ಮ ಮಗುವಿನ ನಂಬರ್ ನೋಡಿ ಮುಗಿಸಿ, ಅದರ ಹಿಂದಿನದು, ಮುಂದಿನದು, ಅದರ ಮುಂದಿನದು ಎಂದು ಒಂದೊಂದಾಗಿ ಹೊಡೆಯುತ್ತಿದ್ದರು. ನೆರೆಮನೆಯ ಹುಡುಗಿ ಸಿಗುವವರೆಗೆ.

ಅವರ ಕಷ್ಟ ನಾನು ತಪ್ಪಿಸಿದೆ. ಊರಿಗೊಂದು ಪುಟ ಮಾಡಿ ಹೆಸರು, ಅಂಕ, ಫಲಿತಾಂಶ ಎಲ್ಲ ಒಂದೇ ಪಟ್ಟಿಯಲ್ಲಿ ಇಟ್ಟೆ. ಸದಾಶಿವ ಸರ್ ಕುರ್ಚಿಯಿಂದ ಎದ್ದು ಬಂದು ನನ್ನ ಹಿಂದೆ ನಿಂತು ನೋಡಿದರು. "ನೋಡಪ್ಪ, ಓದಿದ ಹುಡುಗಿ ಅಂದ್ರೆ ಇದು" ಎಂದರು. ಹಾಗೆ ನನ್ನನ್ನು ಅದುವರೆಗೆ ಯಾರೂ ಅಂದಿರಲಿಲ್ಲ. ಎದೆಯುಬ್ಬಿತು, ಸುಳ್ಳು ಹೇಳುವುದಿಲ್ಲ.

ಮಹಬೂಬ್ ಸರ್ ಮಾತ್ರ ಊಟದ ಡಬ್ಬ ಮುಚ್ಚುತ್ತ ಹೇಳಿದರು. "ನಲವತ್ತು ವರ್ಷ ಮಾರ್ಕ್ಸ್ ಕೊಟ್ಟೀನಿ ಮಂಜುಳ. ಕಡಿಮೆ ಬಂದವನನ್ನ ವರಾಂಡಕ್ಕೆ ಕರೆದು ಹೇಳ್ತಿದ್ದೆ. ನೀನು ಮೈಕ್ ಕಟ್ಟಿಬಿಟ್ಟೆಯಲ್ಲಮ್ಮ."

"ಸದಾಶಿವ ಸರ್ ಹೇಳಿದ್ದನ್ನೇ ನಾನು ಮಾಡ್ತಿರೋದು ಸರ್."

"ಅವರು ಹೇಳಿದ್ದು ಜನ ಬರಲಿ ಅಂತ. ಹೆಂಗೆ ಅಂತ ಹುಡುಕಿದ್ದು ನೀನು."

ಆರುನೂರು ಎರಡು ಸಾವಿರವಾಯಿತು. ಆಮೇಲೆ ಕಾಲೇಜಿನಲ್ಲಿ ನಮಗೆ ಕಲಿಸಿದ್ದ ಒಂದು ಪ್ರಯೋಗ ಮಾಡಿದೆ: ಎರಡು ಕಡೆ ಎರಡು ಥರ ಹಾಕಿ, ಯಾವುದಕ್ಕೆ ಜನ ಹೆಚ್ಚು ಬರುತ್ತಾರೆಂದು ನೋಡುವುದು. ಹಿರಿಯೂರು ತಾಲೂಕಿನ ಊರುಗಳ ಪುಟದಲ್ಲಿ, ಅಂಕ ಸಾಲದವರ ಹೆಸರಿನ ಮುಂದೆ 'ಇನ್ನೂ ಓದಬೇಕು' ಎಂದು ಕಪ್ಪಿನಲ್ಲಿ ಹಾಕಿದೆ. ಹೊಳಲ್ಕೆರೆ ತಾಲೂಕಿನ ಪುಟಗಳಲ್ಲಿ 'ನಪಾಸು' ಎಂದು ಕೆಂಪಿನಲ್ಲಿ ಹಾಕಿದೆ. ನಾಲ್ಕು ದಿನ ಬಿಟ್ಟು ನೋಡಿದೆ. ಕಪ್ಪು ಅಕ್ಷರವನ್ನು ಜನ ಒಮ್ಮೆ ನೋಡಿ ಹೋಗಿದ್ದರು. ಕೆಂಪು ಅಕ್ಷರಕ್ಕೆ ಮೂರು ಮೂರು ಸಲ ವಾಪಸ್ ಬಂದಿದ್ದರು, ಬೇರೆಯವರಿಗೂ ಕಳಿಸಿದ್ದರು. ನಾಲ್ಕೂ ತಾಲೂಕಿಗೆ ಕೆಂಪು ಮಾಡಿದೆ. ಇಲ್ಲೊಂದು ಮಾತು ಸ್ಪಷ್ಟವಾಗಿರಲಿ: ಮಕ್ಕಳು ಬರೆದದ್ದು ಬರೀ ಅಭ್ಯಾಸದ ಪರೀಕ್ಷೆ. ನಿಜವಾದ ಪರೀಕ್ಷೆಗೆ ಇನ್ನೂ ಐದು ವಾರವಿತ್ತು. ಯಾವ ಮಗುವೂ ಇನ್ನೂ ಯಾವುದರಲ್ಲೂ ನಪಾಸಾಗಿರಲಿಲ್ಲ.

ಮಾರ್ಚ್ ಮೊದಲ ವಾರ ನಾಲ್ಕು ಸಾವಿರದ ಹತ್ತಿರ ಬಂದೆವು. ಆಗ ಒಂದು ಮಧ್ಯಾಹ್ನ, ಊರುಗಳ ಸಾಲಿನಲ್ಲಿ ಬಾಗೂರು ಮೇಲೇರಿ ಬರುವುದನ್ನು ಕಂಡೆ. ಪಟ್ಟಿಗಳನ್ನು ನಾನು ಓದಿ ಹಾಕುತ್ತಿರಲಿಲ್ಲ, ಗಂಟುಗಟ್ಟಲೆ ಬಂದದ್ದನ್ನು ಹಾಗೇ ಏರಿಸುತ್ತಿದ್ದೆ. ಪುಟ ತೆರೆದೆ. ಚೈತ್ರ ಆರ್. ಗಣಿತ ಮೂವತ್ತೊಂದು. ಮಿಕ್ಕ ಐದೂ ಪಾಸು. ಫಲಿತಾಂಶದ ಜಾಗದಲ್ಲಿ ಕೆಂಪಕ್ಷರ.

ಚೈತ್ರ ಗಿರಣಿ ರುದ್ರಪ್ಪನ ಮಗಳು. ನನ್ನ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವಳು. ಹಿಟ್ಟು ಬೀಸಿಸಲು ಬಂದವರಿಗೆಲ್ಲ ಮಾವ ಮೂರು ವರ್ಷದಿಂದ ತನ್ನ ಮಗಳು ಡಾಕ್ಟರಾಗುತ್ತಾಳೆ ಎಂದು ಹೇಳುತ್ತಿದ್ದ. ಊರಿನವರು ಆ ಪುಟಕ್ಕೆ ಯಾಕೆ ಮತ್ತೆ ಮತ್ತೆ ಬರುತ್ತಿದ್ದಾರೆಂದು ನನಗೆ ಯಾವ ಅನಲಿಟಿಕ್ಸೂ ಹೇಳಬೇಕಿರಲಿಲ್ಲ.

ಆ ಸಾಲನ್ನು ಅಳಿಸಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪಾಸ್‌ವರ್ಡ್ ನನ್ನದೇ. ಅರ್ಧ ನಿಮಿಷದ ಕೆಲಸ. ಬಾಗೂರು ಆ ವಾರದ ಅತಿ ದೊಡ್ಡ ಪುಟ, ಅದನ್ನು ಮುಟ್ಟಿದರೆ ಐದು ಸಾವಿರ ತಪ್ಪುತ್ತದೆ, ಸರ್ಟಿಫಿಕೇಟ್ ತಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನಿಜವೇ. ಆದರೆ ನನ್ನ ಕೈ ನಿಂತದ್ದು ಅದಕ್ಕಲ್ಲ. ಎಮ್ಮೆಯ ಮಾತು ಕೇಳಿ ನಕ್ಕ ಆ ಏಳೆಂಟು ಜನ ಈಗ ಮಾವನ ಕಡೆ ನೋಡಲಿ ಅನ್ನಿಸಿತು. ಎರಡು ದಿನ ನೋಡಲಿ, ಆಮೇಲೆ ತೆಗೆಯುತ್ತೇನೆ ಅಂದುಕೊಂಡೆ.

ಮರುದಿನ ಮಧ್ಯಾಹ್ನ ಅಡುಗೆ ಪಾತ್ರೆ ತೊಳೆದಿಟ್ಟು ಅಮ್ಮ ಫೋನ್ ಮಾಡಿದಳು.

"ಮಂಜಿ, ಚೈತ್ರಂದು ಫೋನಲ್ಲಿ ಬಂದೈತಂತಲ್ಲ. ನಿಮ್ಮ ಆಫೀಸಿಂದಂತೆ. ಹೌದೇನೇ?"

"ಹೂಂ."

"ಎದುರುಮನೆ ಶೇಖರಪ್ಪ ಗಿರಣಿಗೆ ಬಂದು ಎಲ್ಲಾರ ಮುಂದೆ ಓದ್ದ ಕಣೇ. ನಿಮ್ಮ ಮಾವ ಮೋಟ್ರು ಆಫ್ ಮಾಡಿ, ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಓದು ಅಂದ. ಅವನು ಮತ್ತೆ ಓದ್ದ. ಹುಡುಗಿ ಅಲ್ಲೇ ಡಬ್ಬ ಹಿಡ್ಕೊಂಡು ನಿಂತಿತ್ತು."

ನಾನು ಬಾಗೂರಿನ ಪುಟ ತೆರೆದೆ.

"ಇನ್ಮೇಲೆ ಇಸ್ಕೂಲಿಗೆ ಕಳ್ಸಲ್ಲ ಅಂತ ಕುಂತವ್ನೆ. ಅದನ್ನ ತೆಗೆಸಕ್ಕಾಗಲ್ವೇನೇ?"

"ಸರ್‌ನ ಕೇಳ್ಬೇಕಮ್ಮ" ಅಂದೆ. "ನಾಳೆ ಕೇಳ್ತೀನಿ."

ಅಮ್ಮ ನಂಬಿದಳು. ನನ್ನ ಓದಿಗಾಗಿ ಬೆಳಿಗ್ಗೆಯಿಂದ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡವಳಿಗೆ ಹೇಳಿದ ಸುಳ್ಳು ಅದು.

ಅದರ ಮರುದಿನ ಶುಕ್ರವಾರ, ಸಂಜೆ ನಾಲ್ಕಕ್ಕೆ, ಸಂಖ್ಯೆ ಐದು ಸಾವಿರದ ನೂರನ್ನು ದಾಟಿತು. ಸದಾಶಿವ ಸರ್ ಎದುರಿನ ಭಟ್ಟಿಯಿಂದ ಬಿಸಿ ಮಂಡಕ್ಕಿ ತರಿಸಿ, ಖಾರ ಹಾಕಿಸಿ, ಎಲ್ಲರಿಗೂ ಕಾಗದದಲ್ಲಿ ಹಂಚಿದರು. "ಏನಮ್ಮ, ಸರ್ಟಿಫಿಕೇಟು ನಿಂದೇ ಹೋಗು" ಅಂದರು. ನಾನು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಸೀಟಿಗೆ ಹೋಗಿ, ಬಾಗೂರಿನ ಪುಟ ತೆಗೆದುಹಾಕಿದೆ. ಪುಟ ಹೋದ ಮೇಲೂ ಜನ ಬರುತ್ತಲೇ ಇದ್ದರು. ಎಂಟು ದಿನ, 'ಈ ಪುಟ ಇಲ್ಲ' ಎಂದು ಬರುವ ಕಡೆಗೆ ಬಂದು, ಎರಡು ಸಲ ಮೂರು ಸಲ ಒತ್ತಿ ನೋಡಿ ಹೋಗುತ್ತಿದ್ದರು. ಅಷ್ಟರಲ್ಲಿ ಅದರ ಚಿತ್ರ ತೆಗೆದಿಟ್ಟುಕೊಂಡವರು ಊರಿನಲ್ಲಿ ಬೇಕಾದಷ್ಟಿದ್ದರು.

ಭಾನುವಾರ ಬಾಗೂರಿಗೆ ಹೋದೆ. ನನ್ನಿಂದ ವಿಷಯ ಕೇಳಿ ಮಹಬೂಬ್ ಸರ್ ಹೇಳಿಕಳಿಸಿದ್ದನ್ನೇ ಮಾವನಿಗೆ ಒಪ್ಪಿಸಿದೆ. ಮೂವತ್ತೊಂದು ತಗೊಂಡ ಹುಡುಗಿ ಮೂರು ವಾರದಲ್ಲಿ ಮೂವತ್ತೈದು ಮಾಡಿಕೊಳ್ಳುತ್ತಾಳೆ, ತ್ರಿಕೋನದ ಎರಡು ಪ್ರಮೇಯ ಬಾಯಿಪಾಠ ಮಾಡಿಸಿದರೆ ಸಾಕು, ಸರ್ ಅವರೇ ಫೋನಿನಲ್ಲಿ ಹೇಳಿಕೊಡುತ್ತಾರೆ ಎಂದೆ.

ಮಾವ ಗಿರಣಿಯ ಬೆಲ್ಟು ಜಾರದಿರಲೆಂದು ಅದಕ್ಕೆ ಮೇಣ ಬಳಿಯುತ್ತಿದ್ದ. ತಲೆ ಎತ್ತಲಿಲ್ಲ.

"ಮತ್ತೊಂದ್ಸಲ ಊರ ಬಾಯಿಗೆ ಬೀಳಾಕೆ ನನ್ನ ಕೈಲಾಗಲ್ಲ. ಹೆಡ್ ಮಾಸ್ಟ್ರು ಬಂದಿದ್ರು, ಅವ್ರಿಗೂ ಅದನ್ನೇ ಹೇಳಿದೀನಿ."

"ಅದು ನಿಜವಾದ ಪರೀಕ್ಷೆ ಅಲ್ಲ ಮಾವ."

"ಊರಿಗೆ ಅದೇ ನಿಜ."

"ಅದನ್ನ ಹಾಕಿದ್ದು ನಾನೇ."

ಈಗ ತಲೆ ಎತ್ತಿದ. ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಗೊತ್ತು ಬಿಡು. ಹಾಕಿದ್ದು ನೀನು, ಫೇಲಾಗಿದ್ದು ಅವಳು. ನಿನ್ನ ತಪ್ಪೇನೈತೆ" ಎಂದು ಮತ್ತೆ ಮೇಣ ತಗೊಂಡ. ಒಳಗಿನಿಂದ ಚೈತ್ರ ಕೇಳಿಸಿಕೊಳ್ಳುತ್ತಿದ್ದಳು. ಬಾಗಿಲ ಸಂದಿಯಲ್ಲಿ ಅವಳ ಪಾದ ಕಾಣುತ್ತಿತ್ತು. ಅವಳು ಹೊರಗೆ ಬರಲಿಲ್ಲ, ನಾನು ಒಳಗೆ ಹೋಗಲಿಲ್ಲ.

ಗಣಿತದ ಪಬ್ಲಿಕ್ ಪರೀಕ್ಷೆಯ ದಿನ ಚಿತ್ರದುರ್ಗದಲ್ಲಿ ಗಾಳಿ ಬಿದ್ದುಹೋಗಿತ್ತು. ಬೆಟ್ಟದ ಮೇಲಿನ ಗಾಳಿಯಂತ್ರಗಳು ರೆಕ್ಕೆ ಆಡಿಸದೆ ನಿಂತಿದ್ದವು. ಹತ್ತೂವರೆಯಾಗುತ್ತಿದ್ದಂತೆ, ಆ ಕ್ಷಣ ಸೈಟಿನಲ್ಲಿ ಎಷ್ಟು ಜನ ಇದ್ದಾರೆಂದು ತೋರಿಸುವ ಸಂಖ್ಯೆ ನೂರರಿಂದ ಇಪ್ಪತ್ತಕ್ಕೆ, ಇಪ್ಪತ್ತರಿಂದ ನಾಲ್ಕಕ್ಕೆ ಇಳಿಯಿತು. ಮಕ್ಕಳೆಲ್ಲ ಪರೀಕ್ಷೆಯ ಕೋಣೆಯೊಳಗೆ ಹೋಗಿದ್ದರು. ಹನ್ನೊಂದಕ್ಕೆ ಒಂದೇ ಒಂದು ಉಳಿಯಿತು. ಹೊಸದುರ್ಗದ ಕಡೆಯದು, ನಮ್ಮ ಬಾಗೂರಿನ ತಾಲೂಕು. ಗಣಿತದ ಮಾದರಿ ಪತ್ರಿಕೆಯ ಪುಟ. ಒಂದು ಗಂಟೆ ಹೊತ್ತು ಆ ಒಂದು ಅಲ್ಲೇ ಇತ್ತು. ಪುಟದ ಕೊನೆಯವರೆಗೆ ಹೋಗಿ ಮತ್ತೆ ಮೇಲಕ್ಕೆ ಬರುತ್ತಿತ್ತು. ಯಾರು ಬೇಕಾದರೂ ಆಗಿರಬಹುದು. ಯಾವುದೋ ಶಾಲೆಯ ಮೇಷ್ಟ್ರು ಆಗಿರಬಹುದು. ಮಹಬೂಬ್ ಸರ್ ನನ್ನ ಹಿಂದೆ ಬಂದು ನಿಂತು, ಪರದೆ ನೋಡಿ, ಹೋಗಿ ಕಿಟಕಿ ತೆರೆದರು. ಮಸಿ ಒಳಗೆ ಬಂತು.

ಚೈತ್ರ ಇವತ್ತಿಗೂ ಆ ಪರೀಕ್ಷೆ ಬರೆದಿಲ್ಲ.

ಮೇ ತಿಂಗಳ ಕೊನೆಯ ಶನಿವಾರ ಸದಾಶಿವ ಸರ್ ಸರ್ಟಿಫಿಕೇಟ್ ಕೊಟ್ಟರು. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ನೀಲಿ ಮೊಹರು. ಜಾಲತಾಣಕ್ಕೆ ಬರುವ ಜನರ ಸಂಖ್ಯೆಯನ್ನು ಅತ್ಯುತ್ತಮವಾಗಿ ಹೆಚ್ಚಿಸಿದ್ದಾರೆ, ನಡತೆ ಉತ್ತಮ ಎಂದು ಅದರಲ್ಲಿತ್ತು. ಅದನ್ನು ಸೋಮವಾರ ಕಾಲೇಜಿಗೆ ಕೊಡಬೇಕಿತ್ತು. ಅದಕ್ಕೆ ಮೊದಲು ಊರಿಗೆ ತಂದೆ. ತರದೆ ಇರಬಹುದಿತ್ತು. ಆದರೆ ನಾನು ಆ ಮನೆಯ ಮೊದಲ ಡಿಗ್ರಿ. ಯಾರು ಏನೇ ಅಂದುಕೊಳ್ಳಲಿ, ಅದನ್ನು ಬಚ್ಚಿಡಲು ನನಗೆ ಆಗಲಿಲ್ಲ, ಈಗಲೂ ಆಗುವುದಿಲ್ಲ.

ಅಮ್ಮ ಕೈ ಒರೆಸಿಕೊಂಡು, ಅಂಚು ಮಾತ್ರ ಹಿಡಿದು, ಓದಲು ಬಾರದ ಅಕ್ಷರಗಳನ್ನು ಮೇಲಿನಿಂದ ಕೆಳಗೆ ನೋಡಿದಳು. ಮಾವ ಗಿರಣಿಯ ಸವೆದ ಕಲ್ಲು ಬಿಚ್ಚಿಟ್ಟುಕೊಂಡು ಉಳಿಯಿಂದ ಕೊಚ್ಚುತ್ತಿದ್ದ. ಹತ್ತಿರ ಹೋಗಿ ನಿಂತೆ. ಕಲ್ಲಿನ ಕಡೆಯೇ ನೋಡುತ್ತ, "ಅವಳಿಗೆ ತೋರ್ಸು ಹೋಗು. ನಮ್ಮನೇಲಿ ಓದಾಕೆ ಬರೋದು ಅವಳಿಗೇ" ಅಂದ.

ಚೈತ್ರ ಹಿಟ್ಟಿನ ಡಬ್ಬಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ನಾನು ಸರ್ಟಿಫಿಕೇಟ್ ಚಾಚಿದೆ. ಅವಳು ತೊಟ್ಟಿದ್ದ ಲಂಗಕ್ಕೆ ಎರಡೂ ಕೈ ಉಜ್ಜಿ ತಗೊಂಡಳು. ಇಂಗ್ಲಿಷಿನಲ್ಲಿದ್ದ ಅಷ್ಟನ್ನೂ ಒಂದು ಕಡೆಯೂ ತಡವರಿಸದೆ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಸುತ್ತ ನೋಡಿದಳು. ಡಬ್ಬ ಇಟ್ಟು ಹೋದವರು ಯಾರೂ ಇನ್ನೂ ವಾಪಸ್ ಬಂದಿರಲಿಲ್ಲ.

"ಚೆನ್ನಾಗೈತೆ ಅಕ್ಕ" ಅಂದಳು. "ನಂದನ್ನ ಊರೆಲ್ಲ ನೋಡ್ತು. ನಿಂದನ್ನ ನೋಡಾಕೆ ನಾನೊಬ್ಳೇ ಇದೀನಿ ನೋಡು."